ಸೇತುವೆ ದಾಟಿದ ಹೂಗಳು

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಬೆಟ್ಟದ ಮೇಲಿನ ಹುಲ್ಲುಗಾವಲು ಹಳದಿಗೆ ತಿರುಗಿ, ಬೆಳಗಿನ ಹೊತ್ತು ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು ಕಾಲಡಿಯಲ್ಲಿ ಕರಕರ ಮುರಿಯುತ್ತಿತ್ತು. ತಾರ್ಚೀಸಿಯೊ ಕೊನೆಯ ಹಸುವಿನ ಹಾಲು ಕರೆದು ಎದ್ದ. ಸೊಂಟಕ್ಕೆ ಪಟ್ಟಿ ಹಾಕಿ ಕಟ್ಟಿಕೊಂಡಿದ್ದ ಒಂಟಿಕಾಲಿನ ಮಣೆಯೂ ಅವನ ಜೊತೆಗೇ ಎದ್ದು, ಹಿಂದೆ ಬಾಲದ ಹಾಗೆ ಚಾಚಿಕೊಂಡಿತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅತಿಥಿಗಳಲ್ಲಿ ಯಾರೋ ನಗುತ್ತ ಕ್ಯಾಮೆರಾ ಒತ್ತಿದರು. ತಾರ್ಚೀಸಿಯೊ ಹಾಲಿನ ಬಕೆಟ್ಟನ್ನು ಅವರ ನಡುವಿನಿಂದಲೇ ತೂರಿಸಿಕೊಂಡು ಹೊರಗೆ ಬಂದ.

ಹೊರಗೆ ಮಂಜು. ಕೊಟ್ಟಿಗೆಯಿಂದ ನೀರಿನ ತೊಟ್ಟಿಯವರೆಗೆ ಮಾತ್ರ ಕಣ್ಣು ಹಾಯುತ್ತಿತ್ತು. ಜೂನ್‌ನಲ್ಲಿ ಮೇಲೆ ಬಂದ ಹಸುಗಳು ಈ ದಿನ ಊರಿಗೆ ಇಳಿಯಬೇಕು. ಅವನ ಅಕ್ಕ ಇರ್ಮಾ ಗುಡಿಸಲ ಮುಂದಿನ ಬೆಂಚಿನ ಮೇಲೆ ಬುಟ್ಟಿಗಳನ್ನು ಹರಡಿಕೊಂಡು, ಕೊಂಬಿಗೆ ಕಟ್ಟುವ ಹೂವಿನ ಕಿರೀಟಗಳನ್ನು ಸರಿಮಾಡುತ್ತಿದ್ದಳು. ಫರ್ ಮರದ ಎಲೆಗೊಂಚಲು, ಡೇಲಿಯಾ, ಸೇವಂತಿಗೆ, ಬಣ್ಣದ ಕಾಗದದ ಗುಲಾಬಿ; ಮುಂದಾಳು ಹಸು ಕೊಂತೆಸ್ಸಾಳ ಕಿರೀಟದ ನಡುವೆ ಒಂದು ಪುಟ್ಟ ಕನ್ನಡಿ. ಇರ್ಮಾಳ ಬೆರಳುಗಳು ಚಳಿಗೆ ಕೆಂಪಾಗಿದ್ದವು.

ಅತಿಥಿಗಳು ಹಿಂದಿನ ದಿನ ಬಂದವರು. ಹುಲ್ಲಟ್ಟದಲ್ಲಿ ಮಲಗಿ, ಹಸಿ ಹಾಲು ಕುಡಿದು, ದನಗಳ ಜೊತೆ ನಡೆದು ಊರಿಗಿಳಿಯುವ ಈ ಏರ್ಪಾಟು ಇರ್ಮಾಳ ಮಗ ಲೋರಿಸ್‌ನದು. ಪಿಯೆವೆ ಊರಿನ ಪ್ರವಾಸ ಸಮಿತಿಗೆ ಈ ವರ್ಷವಷ್ಟೇ ಅವನು ಮುಖ್ಯಸ್ಥನಾಗಿದ್ದ. ವೆರೋನಾ, ಬ್ರೆಷಾ ನಗರಗಳಿಂದ ಊರಿಗೆ ಬಸ್ಸುಗಳು ಬರಲಿದ್ದವು. ಹಿಂದೆ ದನ ಇಳಿಯುವುದನ್ನು ನೋಡಲು ಊರವರೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಈಗ ಬೀದಿಯುದ್ದಕ್ಕೂ ಹಗ್ಗ ಕಟ್ಟಿ, ಬ್ಯಾಂಡು ಕರೆಸಿ, ಧ್ವನಿವರ್ಧಕ ಇಡಿಸಿದ್ದ.

"ಮಾವ, ಬೇಗ ಬೇಗ. ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆಯೋದ್ರೊಳಗೆ ಸೇತುವೆ ದಾಟ್ಬೇಕು. ಬಸ್ಸಿನವ್ರು ಊಟದ ಹೊತ್ತಿಗೆ ಚೌಕದಲ್ಲಿ ಇರ್ಬೇಕಂತೆ," ಎಂದ ಲೋರಿಸ್. ಹೊಸ ಟೋಪಿ, ಅದಕ್ಕೊಂದು ಗರಿ.

"ಹಸುಗಳಿಗೆ ಹೇಳು ಹೋಗು. ನಿನ್ನ ಟೋಪಿ ನೋಡಿ ಓಡಿ ಬರ್ತಾವೆ," ಎಂದ ತಾರ್ಚೀಸಿಯೊ.

ಅವನು ದನಗಳನ್ನು ಎಣಿಸುತ್ತಿರಲಿಲ್ಲ, ಮುಖ ನೋಡುತ್ತಿದ್ದ. ಕೊಟ್ಟಿಗೆಯವು ಮುಗಿದ ಮೇಲೆ ಪಕ್ಕದ ದೊಡ್ಡಿಗೆ ಹೋದ. ಕಡಸುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಂದೊಂದರ ಕೊರಳಿಗೂ ಕೈಹಾಕಿ ನೋಡುತ್ತ ಆ ಕಡೆಯ ಮೂಲೆ ಮುಟ್ಟಿದ. ಅಲ್ಲಿ ಬೇಲಿಯ ಮೇಲಿನ ಎರಡು ಅಡ್ಡಮರಗಳು ನೆಲಕ್ಕೆ ಬಿದ್ದಿದ್ದವು.

ಮತ್ತೆ ಮೊದಲಿಂದ ನೋಡಿದ. ಬಿಸಾ ಇರಲಿಲ್ಲ.

ಬಿಸಾ ಅವನದಲ್ಲ. ಸೇತುವೆಯ ಬುಡದ ಮನೆಯ ಒತ್ತಾವಿಯಾಳದು. ಬೂದುಬಣ್ಣದ ಗಬ್ಬದ ಕಡಸು, ನವೆಂಬರಿನಲ್ಲಿ ಚೊಚ್ಚಲ ಕರು ಹಾಕಬೇಕಾದದ್ದು. ಊರಿನ ಎಷ್ಟೋ ಮನೆಗಳವರು ಬೇಸಿಗೆಗೆ ತಮ್ಮ ಒಂದೆರಡು ದನಗಳನ್ನು ತಾರ್ಚೀಸಿಯೊನ ಹಿಂಡಿಗೆ ಸೇರಿಸಿ ಕಳಿಸುತ್ತಿದ್ದರು. ಒತ್ತಾವಿಯಾಳ ಮನೆಯಿಂದ ಮಾತ್ರ ಮೂವತ್ತು ವರ್ಷ ಒಂದು ಬಾಲವೂ ಬೆಟ್ಟ ಹತ್ತಿರಲಿಲ್ಲ. ತಾರ್ಚೀಸಿಯೊನ ಅಪ್ಪ ಹಿಂಡು ಕಾಯುತ್ತಿದ್ದ ಕಾಲದಲ್ಲಿ ಅವಳ ತಂದೆಯ ಹಸುವೊಂದು ಬೆಟ್ಟದಲ್ಲಿ ಕಳೆದುಹೋಗಿ ಸಿಗಲೇ ಇಲ್ಲ. ಬೇಸಿಗೆಯಲ್ಲಿ ಒಂದು ದನವೋ ಒಬ್ಬ ಮನುಷ್ಯನೋ ಬೆಟ್ಟದಲ್ಲೇ ಉಳಿದುಹೋದರೆ, ಆ ವರ್ಷ ಹಿಂಡು ಹೂವಿಲ್ಲದೆ ಇಳಿಯಬೇಕು. ಅದು ಆ ಕಣಿವೆಯ ಪದ್ಧತಿ. ಆದರೆ ಆ ವರ್ಷ ಊರಿಗೆ ಬಿಷಪ್ಪರು ಬಂದಿದ್ದರು. ಅಪ್ಪ ಹೂ ಕಟ್ಟಿಯೇ ಇಳಿಸಿದ. ಒತ್ತಾವಿಯಾಳ ತಂದೆ ಸೇತುವೆಯ ಮೇಲೆ ಖಾಲಿ ಹಗ್ಗ ಹಿಡಿದು ನಿಂತಿದ್ದನಂತೆ. ಹೂ ಹೊತ್ತ ಹಿಂಡು ಅವನ ಎರಡೂ ಪಕ್ಕದಿಂದ ಸಾಗಿ ಹೋಯಿತಂತೆ.

ಈ ಜೂನ್‌ನಲ್ಲಿ ಒತ್ತಾವಿಯಾ ತಾನಾಗಿಯೇ ಬಿಸಾಳನ್ನು ಹಿಡಿದುಕೊಂಡು ಬಂದಿದ್ದಳು. "ಹುಲ್ಲು ಕೊಯ್ಯೋಕೆ ನನ್ನ ಸೊಂಟ ಕೇಳಲ್ಲ ಕಣೋ. ಇರೋದು ಇದೊಂದೇ. ತಗೊಂಡ್ಹೋಗು," ಎಂದಷ್ಟೇ ಹೇಳಿ ಹಗ್ಗವನ್ನು ಅವನ ಕೈಗಿತ್ತಿದ್ದಳು.

ತಾರ್ಚೀಸಿಯೊ ಬೇಲಿಯಾಚೆ ಇಳಿದು ಉಸಿರು ಹಿಡಿದು ಕಿವಿಗೊಟ್ಟ. ಮಂಜಿನಲ್ಲಿ ಕಣ್ಣಿಗಿಂತ ಕಿವಿಯೇ ಮೇಲು. ಒಂದೊಂದು ದನದ ಕೊರಳ ಗಂಟೆಯ ದನಿಯೂ ಅವನಿಗೆ ಗೊತ್ತಿತ್ತು. ಆದರೆ ಈಗ ಏನೂ ಕೇಳಿಸಲಿಲ್ಲ. ಯಾಕೆ ಕೇಳಿಸುವುದಿಲ್ಲ ಎಂಬುದು ನೆನಪಾಗಿ ಕೊಟ್ಟಿಗೆಯ ಕಡೆ ತಿರುಗಿದ.

ಹಿಂದಿನ ಸಂಜೆ ಲೋರಿಸ್ ಕೇಳಿದ್ದಕ್ಕೆ, ಅತಿಥಿಗಳು ಫೋಟೋ ತೆಗೆಯಲೆಂದು, ಮೇಯುವಾಗ ಕಟ್ಟುವ ಸಣ್ಣ ಗಂಟೆಗಳನ್ನೆಲ್ಲ ಬಿಚ್ಚಿ ಹಬ್ಬದ ದೊಡ್ಡ ಗಂಟೆಗಳನ್ನು ಕಟ್ಟಿದ್ದರು. ಫೋಟೋ ಮುಗಿದ ಮೇಲೆ, ರಾತ್ರಿಯೆಲ್ಲ ಆ ಭಾರ ಹೊತ್ತು ದನ ಮಲಗುವುದು ಬೇಡವೆಂದು ದೊಡ್ಡವನ್ನೂ ಬಿಚ್ಚಿದರು. ಸಣ್ಣವನ್ನು ಮತ್ತೆ ಕಟ್ಟಲಿಲ್ಲ. ಒಂದು ರಾತ್ರಿ ತಾನೆ, ದೊಡ್ಡಿಯೊಳಗೇ ಇರುತ್ತವಲ್ಲ, ಎಂದು ಅವನೇ ಹೇಳಿದ್ದ. ಕೊಟ್ಟಿಗೆಯ ಗೋಡೆಯಲ್ಲಿ ಗೂಟಗಳಿಗೆ ಸಾಲಾಗಿ ಅವು ಇನ್ನೂ ನೇತಾಡುತ್ತಿದ್ದವು.

ಹುಡುಕಲು ಎಲ್ಲರೂ ಹೊರಟರು. ಅತಿಥಿಗಳು ಕೂಡ ಮಂಜಿನಲ್ಲಿ "ಬಿಸಾ, ಬಿಸಾ" ಎಂದು ಕೂಗುತ್ತ ಹೋದರು. ಅವರಲ್ಲೇ ಇಬ್ಬರು ದಾರಿ ತಪ್ಪಿ, ಅವರನ್ನು ಹುಡುಕಿ ತರುವುದೇ ಇನ್ನೊಂದು ಕೆಲಸವಾಯಿತು. ಹೊತ್ತು ಏರಿತು, ಮಂಜು ಏರಲಿಲ್ಲ.

ಅತಿಥಿಗಳಲ್ಲಿ ಅದೆಲೈಡೆ ಎಂಬ ನಿವೃತ್ತ ಟೀಚರೊಬ್ಬರಿದ್ದರು, ವೆರೋನಾದವರು. ಬಿದ್ದ ಅಡ್ಡಗಳನ್ನು ನೋಡಿ ಅವರ ಮುಖ ಸಪ್ಪಗಾಗಿತ್ತು. "ನಮ್ಮವರೇ ಯಾರೋ ಸಂಜೆ ಇಲ್ಲಿ ಹತ್ತಿ ಕೂತಿದ್ರು. ಫೋಟೋಗೆ ಅಂತ. ನಾನು ನೋಡಿದ್ದೆ," ಎಂದರು.

"ಅಡ್ಡ ಬೀಳಿಸಿದ್ದು ಯಾರಾದ್ರೂ ಆಗ್ಲಿ ಸಿನ್ಯೋರಾ. ಗಂಟೆ ಬಿಚ್ಚಿದ್ದು ನಾನು," ಎಂದ ತಾರ್ಚೀಸಿಯೊ.

ಅವರು ಇರ್ಮಾಳತ್ತ ತಿರುಗಿದರು. "ಒಂದು ಕಡಸಿಗೋಸ್ಕರ ಎಲ್ಲಾ ಹೂವನ್ನೂ ಬಿಡ್ಬೇಕಾ?"

"ಒಂದಾದ್ರೂ ಅಷ್ಟೇ, ಹತ್ತಾದ್ರೂ ಅಷ್ಟೇ," ಎಂದಳು ಇರ್ಮಾ. ಕೈಯಲ್ಲಿದ್ದ ಕಿರೀಟವನ್ನು ಬುಟ್ಟಿಯೊಳಗೆ ಬೋರಲು ಹಾಕಿದಳು.

ಲೋರಿಸ್ ಮಾವನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದೊಯ್ದ. "ಮಾವ, ಬೋಳು ತಲೆ ಹಸುಗಳ್ನ ನೋಡೋಕೆ ಅವ್ರು ಅಷ್ಟು ದೂರದಿಂದ ಬರ್ತಿದ್ದಾರಾ? ಪೋಸ್ಟರಿನಲ್ಲಿ ಹೂವೇ ಇರೋದು. ಮೊದಲನೇ ವರ್ಷವೇ ಹಿಂಗಾದ್ರೆ ಮುಂದಿನ ವರ್ಷ ಒಂದು ಸೈಕಲ್ಲೂ ಬರಲ್ಲ. ಆಮೇಲೆ ಈ ಹುಲ್ಲುಗಾವಲು ಕಾಯೋದು ನೀನೊಬ್ಬನೇ, ಒಣ ರೊಟ್ಟಿ ತಿನ್ಕೊಂಡು."

"ಒಣ ರೊಟ್ಟಿ ತಿಂದೇ ನಿನ್ನ ಬೆಳೆಸಿದ್ದು."

"ಹುಡುಗಾಟ ಅಲ್ಲ ಮಾವ. ಅಷ್ಟು ಹಸುಗಳಲ್ಲಿ ಒಂದು ಕಮ್ಮಿ ಅಂತ ಯಾರಿಗೆ ಗೊತ್ತಾಗತ್ತೆ?"

"ಒಬ್ಬಳಿಗೆ ಗೊತ್ತಾಗತ್ತೆ. ಸೇತುವೆ ಹತ್ರ ನಿಂತಿರ್ತಾಳೆ."

ಲೋರಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹುಡುಗ ಕೆಟ್ಟವನಲ್ಲ. ಊರಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುವುದನ್ನು ನೋಡುತ್ತ ಬೆಳೆದವನು.

ಕೊನೆಗೆ ಹೀಗೆ ಮಾತಾಯಿತು: ಲೋರಿಸ್, ಇರ್ಮಾ ಮತ್ತು ಅತಿಥಿಗಳು ಹಿಂಡನ್ನು ಹೂವಿಲ್ಲದೆ ಇಳಿಸುವುದು. ಅಷ್ಟು ಜನರ ನಡುವೆ ದನಗಳನ್ನು ಹಿಡಿತದಲ್ಲಿಡಲು ತಾರ್ಚೀಸಿಯೊನ ಕಾವಲು ನಾಯಿಯೂ ಅವರ ಜೊತೆ ಹೋಗುವುದು. ಹೂವಿನ ಬುಟ್ಟಿಗಳು ಮೂರು ಚಕ್ರದ ಗಾಡಿಯಲ್ಲಿ ಊರಿನ ಮೇಲಿರುವ ಗರಗಸದ ಮಿಲ್ಲಿನ ತನಕ ಹೋಗುವುದು. ತಾರ್ಚೀಸಿಯೊ ಇಲ್ಲೇ ಉಳಿದು ಹುಡುಕುವುದು. ಹಿಂಡು ಮಿಲ್ಲು ಬಿಡುವ ಮೊದಲು ಬಿಸಾಳೊಂದಿಗೆ ಅವನು ಬಂದು ಸೇರಿದರೆ ಅಲ್ಲಿಯೇ ಹೂ ಕಟ್ಟುವುದು.

"ಬರ್ಲಿಲ್ಲ ಅಂದ್ರೆ ಬೋಳು ತಲೆಯಲ್ಲೇ ದಾಟಿಸು," ಎಂದ ತಾರ್ಚೀಸಿಯೊ.

"ಆಯ್ತು ಮಾವ."

"ಆಯ್ತು ಅಂತ ಹಾಲು ಕರೆಯುವಾಗ ಹಸುವಿಗೂ ಹೇಳ್ತಾರೆ. ಮಾತು ಕೊಡು."

"ಕೊಟ್ಟೆ. ಹೋಗು, ಹುಡುಕು."

ದೊಡ್ಡ ಗಂಟೆಗಳ ಸದ್ದು ಕೆಳಗೆ ಕೆಳಗೆ ಇಳಿಯುತ್ತ ಮಂಜಿನೊಳಗೆ ಸೇರಿಹೋಯಿತು. ತಾರ್ಚೀಸಿಯೊ ಹೆಗಲಿಗೆ ಹಗ್ಗ ಸುತ್ತಿಕೊಂಡ. ಕೈಗತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಜೇಬಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿಕೊಂಡ.

ಮೊದಲು ಮೇಲಿನ ನೀರಿನ ಊಟೆಯ ಕಡೆ ನೋಡಿದ. ಅಲ್ಲಿ ಹೆಜ್ಜೆಗಳಿದ್ದವು, ಆದರೆ ಹಳೆಯವು. ಆಮೇಲೆ ಕುಳ್ಳ ಪೈನ್ ಪೊದೆಗಳ ಒಳಗೆ ನುಗ್ಗಿ ನೋಡಿದ. ಟೊಂಗೆಗಳು ಮುಖಕ್ಕೆ ಹೊಡೆದವು, ತೋಳು ತೊಯ್ದುಹೋಯಿತು. ನಡುನಡುವೆ ನಿಂತು ಕೂಗುತ್ತಿದ್ದ, ಕೂಗಿ ಕಿವಿಗೊಡುತ್ತಿದ್ದ. ಹೆದರಿದ ದನ ಕೂಗಿಗೆ ಓಗೊಡುವುದಿಲ್ಲ, ನಿಂತಲ್ಲೇ ಕಲ್ಲಾಗುತ್ತದೆ. ಕೊರಳು ಅಲುಗಿದರೆ ಗಂಟೆಯಾದರೂ ಹೇಳುತ್ತಿತ್ತು. ಈಗ ಅವಳು ಕೈಚಾಚಿದಷ್ಟು ದೂರದಲ್ಲಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ ಬೂದು ಬೆನ್ನು ಕಂಡಂತಾಗಿ ಓಡಿದ. ಮುಟ್ಟಿದಾಗ ಅದು ಬಂಡೆ.

ಹೊತ್ತು ಎಷ್ಟಾಯಿತೆಂದು ತಿಳಿಯಲು ಸೂರ್ಯನೇ ಇರಲಿಲ್ಲ. ಇಳಿಜಾರಿನ ಅಂಚಿಗೆ ಬಂದಾಗ ಗಾಳಿ ಎದ್ದಿತು. ಮಂಜು ಹರಿದು ಕಣಿವೆ ಒಮ್ಮೆಲೇ ಬಾಯಿ ತೆರೆಯಿತು. ಬಹಳ ಕೆಳಗೆ ನದಿಯ ಬಿಳಿ ಗೆರೆ, ಪಿಯೆವೆಯ ಚರ್ಚಿನ ಗೋಪುರ, ಸೇತುವೆ. ಸೇತುವೆಯ ಆಚೆ ಈಚೆ ಸಾಸಿವೆ ಚೆಲ್ಲಿದಂತೆ ಜನ. ಗರಗಸದ ಮಿಲ್ಲಿನಿಂದ ಸೇತುವೆಯ ಕಡೆಗೆ ಹೋಗುವ ಬಿಳಿ ರಸ್ತೆಯಲ್ಲಿ ಅವನ ಹಿಂಡು ನಡೆಯುತ್ತಿತ್ತು.

ಬೂದು ಬೆನ್ನುಗಳ ಸಾಲಿನ ಮೇಲೆ ಕೆಂಪು, ಹಳದಿ, ಕೆಂಪು, ಬಿಳಿ. ಎಲ್ಲಕ್ಕಿಂತ ಮುಂದೆ ಒಂದು ಮಿಂಚು. ಕೊಂತೆಸ್ಸಾಳ ತಲೆಯ ಕನ್ನಡಿ.

"ಲೇ ಲೋರಿಸ್!" ಎಂದು ಕೂಗಿದ. ದನಿ ಕಣಿವೆಯ ಅರ್ಧಕ್ಕೂ ಹೋಗಲಿಲ್ಲ.

ಅವನಿದ್ದ ಜಾಗದಿಂದ ಮರದ ದಿಮ್ಮಿಗಳನ್ನು ಉರುಳಿಸುವ ಜಾರುದಾರಿಯೊಂದು ನೇರವಾಗಿ ಕೆಳಗಿಳಿಯುತ್ತಿತ್ತು. ಕಾಲು ಮುರಿಯದೆ ಓಡಿದರೆ ಹಿಂಡಿಗಿಂತ ಮೊದಲು ಸೇತುವೆ ಮುಟ್ಟಬಹುದು. ರಸ್ತೆಗೆ ಅಡ್ಡ ನಿಲ್ಲಬಹುದು. ಎಲ್ಲರೆದುರು ಕಿರೀಟಗಳನ್ನು ಕಿತ್ತೆಸೆಯಬಹುದು. ಒತ್ತಾವಿಯಾ ಅದನ್ನು ನೋಡುತ್ತಾಳೆ. ತಾರ್ಚೀಸಿಯೊ ಆ ಕಡೆ ಓಡಿ, ಜಾರುದಾರಿಯ ಬಾಯಿಗೆ ಬಂದು ನಿಂತ.

ಅಲ್ಲಿ ಒದ್ದೆ ಮಣ್ಣಿನ ಮೇಲೆ ಗೊರಸು ಜಾರಿದ ಗುರುತು ಇತ್ತು. ಎರಡು ಬೆರಳು ಅಗಲ, ಮೊಳದುದ್ದ, ಅಂಚು ಇನ್ನೂ ಒಣಗಿರಲಿಲ್ಲ. ಜಾರಿದ್ದು ದಾರಿಯ ಕಡೆಗಲ್ಲ, ಎಡಕ್ಕೆ, ಊರವರು ಕರಡಿ ಕೊರಕಲು ಎನ್ನುವ ಕಮರಿಯ ಕಡೆಗೆ.

ಕೆಳಗಿನಿಂದ ಬ್ಯಾಂಡಿನ ಸದ್ದು ಗಾಳಿಗೆ ತೇಲಿ ಬಂತು. ಅವನು ದಾರಿ ನೋಡಿದ, ಗುರುತು ನೋಡಿದ. ಈಗ ಕೆಳಗೆ ಓಡಿ ಮತ್ತೆ ಹತ್ತಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಕೊರಕಲಿನಲ್ಲಿ ದನ ಇನ್ನೊಂದು ರಾತ್ರಿ ನಿಲ್ಲುವುದಿಲ್ಲ. ಮಾನ ಕೆಳಗಿತ್ತು, ದನ ಇಲ್ಲಿತ್ತು. ಅವನು ಎಡಕ್ಕೆ ತಿರುಗಿದ. ಪೊದೆ ಹಿಡಿದು ಬಹಳ ಹೊತ್ತಿನಿಂದ ಇಳಿಯುತ್ತಿರುವಾಗ ಪಿಯೆವೆಯ ಮಧ್ಯಾಹ್ನದ ಗಂಟೆ ಹೊಡೆಯತೊಡಗಿತು.

ಕೊರಕಲಿನೊಳಗೆ ಮಂಜು ಹಾಗೇ ಕೂತಿತ್ತು. ಒಂದು ಕಡೆ ಹುಲ್ಲಿನ ಮೇಲೆ ಸಗಣಿ, ಬೆರಳಿಟ್ಟ, ತಣ್ಣಗಿತ್ತು. ಇನ್ನಷ್ಟು ಕೆಳಗೆ ಮತ್ತೊಂದು. ಅದರಲ್ಲಿ ಸ್ವಲ್ಪ ಬಿಸಿ ಇತ್ತು. ಅಲ್ಲಿಂದ ಮುಂದೆ ಅವನು ಕೂಗಲಿಲ್ಲ. ತಟ್ಟನೆ ಕೂಗಿದರೆ ಬೆಚ್ಚುತ್ತಾಳೆ. ಬಾಯೊಳಗೇ, ಹಾಲು ಕರೆಯುವಾಗ ಗುನುಗುವ ಹಾಗೆ, "ಬಾ ಮಗಾ, ಬಾ ಬಾ," ಎನ್ನುತ್ತ ಹೋದ.

ಮೊದಲು ಕಂಡದ್ದು ಉಸಿರು. ಮಂಜಿನೊಳಗೆ ಇನ್ನೂ ಬೆಳ್ಳಗಿನ ಒಂದು ಹಬೆ. ಆಮೇಲೆ ಕಿವಿ.

ಬಿಸಾ ಒಂದು ಹುಲ್ಲಿನ ಜಗಲಿಯ ಮೇಲೆ ನಿಂತಿದ್ದಳು. ಮಂಚದಷ್ಟು ಅಗಲದ ಜಾಗ. ಮುಖ ಕಮರಿಯ ಕಡೆ, ಬಾಲ ಅವನ ಕಡೆ. ಮುಂಗಾಲ ಬಳಿ ಹುಲ್ಲು ಮುಗಿದು ಬರಿಯ ಗಾಳಿ ಇತ್ತು. ಎಡ ಹಿಂಗಾಲಿನ ತೊಗಲು ಸುಲಿದು ರಕ್ತ ಕಪ್ಪಾಗಿತ್ತು. ಮೈಯೆಲ್ಲ ನಡುಗುತ್ತಿತ್ತು. ಹೊಟ್ಟೆ ಮಾತ್ರ ದೊಡ್ಡದಾಗಿ, ಬಿಗಿಯಾಗಿ ಇತ್ತು.

ಹಿಂದುಹಿಂದಕ್ಕೆ ನಡೆಸಿ ತರುವಂತಿರಲಿಲ್ಲ, ದಾರಿ ಕಡಿದು. ತಿರುಗಿಸಬೇಕು. ತಿರುಗಿಸುವುದೆಂದರೆ ಆ ಮಂಚದಗಲದಲ್ಲಿ ಗಬ್ಬದ ಕಡಸು ಕಾಲು ಬದಲಿಸಬೇಕು.

ತಾರ್ಚೀಸಿಯೊ ಹಗ್ಗದ ಒಂದು ತುದಿಯನ್ನು ಮೇಲಿನ ಪೈನ್ ಬುಡಕ್ಕೆ ಸುತ್ತಿದ. ಬಂಡೆಗೆ ಎದೆಯೊತ್ತಿ, ಅವಳ ಪಕ್ಕೆಗೂ ಕಲ್ಲಿಗೂ ನಡುವೆ ತೂರಿಕೊಂಡ. ಒಂದು ಸಲ ಅವಳು ಮೈ ಒದರಿದರೆ ಅವನು ಕೆಳಗೆ. ಅವಳು ಒದರಲಿಲ್ಲ. ಅವನ ವಾಸನೆ ಹಿಡಿದು ಮೂಗಿನಿಂದ ಗಾಳಿ ಬಿಟ್ಟಳು. ಕೊಂಬಿಗೆ ಹಗ್ಗ ಹಾಕಿದ. ಅಂಗೈಯಲ್ಲಿ ಉಪ್ಪು ಹಿಡಿದು ಮೂತಿಯ ಮುಂದೆ ಒಡ್ಡಿದ. ನಾಲಿಗೆ ಚಾಚಿದಳು. ಕೈಯನ್ನು ಒಂದು ಗೇಣು ಹಿಂದಕ್ಕೆಳೆದ. ತಲೆ ಹಿಂದೆ ಬಂತು. ಇನ್ನೊಂದು ಗೇಣು, ಒಂದು ಮುಂಗಾಲು ಎತ್ತಿಟ್ಟಳು.

"ಹಾಂ. ಹಂಗೇ. ನಿನ್ನ ಯಜಮಾನಿ ನನ್ನ ಸಿಗೀತಾಳೆ. ಬಾರೇ ತಾಯಿ."

ಉಪ್ಪು ನೆಕ್ಕುತ್ತ ನೆಕ್ಕುತ್ತ ಅವಳು ಅಡ್ಡವಾದಳು. ಈಗ ಅವಳ ಹಿಂಭಾಗ ಕಮರಿಯ ಮೇಲಿತ್ತು. ಅದೇ ಹೊತ್ತಿಗೆ ಗಾಯದ ಕಾಲಿನ ಕೆಳಗಿನ ಹುಲ್ಲು ಕಿತ್ತು ಬಂತು.

ಕಲ್ಲುಗಳು ಉರುಳಿದವು. ಬಿಸಾಳ ಸೊಂಟ ಕುಸಿಯಿತು. ಹಗ್ಗ ಠಣ್ಣೆಂದು ಬಿಗಿಯಿತು. ತಾರ್ಚೀಸಿಯೊ ಮೇಲಕ್ಕೆ ಹಾರಿ, ಪೈನ್ ಬುಡಕ್ಕೆ ಎರಡೂ ಕಾಲು ಒತ್ತಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಹಿಂದಕ್ಕೆ ಬಿದ್ದ. ಕೊಂಬಿನ ಮೇಲೆ ಇಡೀ ಭಾರ. ಅವಳ ಕಣ್ಣು ಬಿಳಿಯಾಗಿ ಹೊರಳಿದ್ದನ್ನು ನೋಡಿದ. ಎಳೆದರೆ ಕತ್ತು, ಬಿಟ್ಟರೆ ಕಮರಿ. ಎಳೆಯಲಿಲ್ಲ, ಬಿಡಲಿಲ್ಲ. ಹಾಗೇ ಹಿಡಿದ. ತೋಳಿನ ತೊಗಲು ಹಗ್ಗದಡಿ ಸುಡುತ್ತಿತ್ತು. ಬೈದ, ದೇವಮಾತೆಯನ್ನು ಕರೆದ, ಮತ್ತೆ ಬೈದ. ಬಿಸಾ ಮೊದಲ ಸಲ ಬಾಯಿಬಿಟ್ಟು ಅರಚಿದಳು, ಹಿಂಗಾಲನ್ನು ಎಲ್ಲೋ ಊರಿದಳು, ಮೈಯನ್ನು ಒಂದೇ ಏಟಿಗೆ ಮೇಲಕ್ಕೆಸೆದಳು. ಅವಳ ಮೊಣಕಾಲು ಅವನ ಎದೆಯ ಪಕ್ಕದ ಮಣ್ಣಿಗೆ ಬಂದು ಗುದ್ದಿತು.

ಇಬ್ಬರೂ ಪೊದೆಗಳಲ್ಲಿ ಬಿದ್ದುಕೊಂಡು ಉಸಿರಾಡಿದರು. ಅವನು ಅವಳ ಹೊಟ್ಟೆಯ ಬದಿಗೆ ಅಂಗೈ ಒತ್ತಿ ಹಿಡಿದ. ತುಂಬ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಮೆಲ್ಲಗೆ, ಸೋಮಾರಿಯ ಹಾಗೆ, ಒಂದು ಒದೆತ.

ಕುಂಟುತ್ತಿದ್ದ ಕಡಸನ್ನು ನಿಲ್ಲಿಸಿ ನಿಲ್ಲಿಸಿ ಇಳಿಸಿಕೊಂಡು ಬಂದಾಗ ಬಿಸಿಲು ಬೆಟ್ಟದ ಭುಜಕ್ಕೆ ಹೋಗಿತ್ತು. ರಸ್ತೆಯ ಮೇಲೆ ಸಗಣಿ, ಕಾಗದದ ಲೋಟ, ತುಳಿದ ಡೇಲಿಯಾ. ಸೇತುವೆಯ ಈಚೆ ಹುಲ್ಲು ಕೊಯ್ದ ಹೊಲದಲ್ಲಿ ಬಸ್ಸುಗಳು ನಿಂತಿದ್ದವು. ಅತಿಥಿಗಳು ಚೀಸಿನ ಪೊಟ್ಟಣ ಹಿಡಿದು ಹತ್ತುತ್ತಿದ್ದರು. ಅದೆಲೈಡೆ ಟೀಚರು ಅವನನ್ನು ಕಂಡು ಚೀಲವನ್ನು ಅಲ್ಲಿಯೇ ಬಿಟ್ಟು ಓಡಿ ಬಂದರು.

"ಬಂದ್ರಾ! ಇವಳೇನಾ? ಅಯ್ಯೋ, ಕಾಲು ನೋಡಿ!" ಅವರ ಕಣ್ಣು ತುಂಬಿತ್ತು. "ಎಷ್ಟು ಚೆನ್ನಾಗಿತ್ತು ಗೊತ್ತಾ? ಸೇತುವೆ ಮೇಲೆ ಆ ಅಜ್ಜಿ ಅಡ್ಡ ನಿಂತ್ಬಿಟ್ರು. ನನ್ನ ಕಡಸೆಲ್ಲಿ ಅಂತ. ಒಂದು ಹಸೂನೂ ಮುಂದೆ ಬಿಡ್ಲಿಲ್ಲ. ಆಗ ನಿಮ್ಮ ಲೋರಿಸ್ ಮೈಕಿನಲ್ಲೇ ಹೇಳಿದ್ರು, ಕಡಸು ಸಿಕ್ಕಿದೆ, ಮಾವ ಹಿಂದೆ ಹಿಡ್ಕೊಂಡು ಬರ್ತಿದ್ದಾರೆ ಅಂತ. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಅಜ್ಜಿ ಒಳಗೆ ಹೋಗಿ, ಕಿಟಕಿ ಕುಂಡದಿಂದ ಹೂ ಕಿತ್ಕೊಂಡು ಬಂದು ತಾವೇ ಆ ಮುಂದಿನ ಹಸುವಿನ ತಲೆಗೆ ಇಟ್ರು. ನಾನು ಎಷ್ಟೋ ಊರು ನೋಡಿದ್ದೀನಿ. ಇಂಥದ್ದು ನೋಡಿರ್ಲಿಲ್ಲ. ಅಷ್ಟು ಬೇಗ ನಿಮಗೆ ಸುದ್ದಿ ಹೆಂಗೆ ಕಳಿಸೋಕಾಯ್ತು?"

ತಾರ್ಚೀಸಿಯೊ ಅವರಾಚೆ ನೋಡಿದ. ಬಸ್ಸಿನ ಬಾಗಿಲಿನಿಂದ ಲೋರಿಸ್ ಬರುತ್ತಿದ್ದ. ಗರಿಯ ಟೋಪಿ ಹಿಂದಕ್ಕೆ ಸರಿದಿತ್ತು. ಮುಖ ಬಿಳಿಚಿ ಆಮೇಲೆ ಕೆಂಪಾಯಿತು. ಟೀಚರು ಚೀಲ ಎತ್ತಿಕೊಂಡು ಬಸ್ಸು ಹತ್ತಿದರು.

"ಮಾತು ಕೊಟ್ಟಿದ್ದೆ," ಎಂದ ತಾರ್ಚೀಸಿಯೊ.

"ಮಾವ, ಮೇಯರ್ರು ಮಿಲ್ಲಿನ ತನಕ ಬಂದಿದ್ರು. ಅಷ್ಟು ಜನ... ಕಟ್ಟಿಬಿಟ್ಟೆ. ಅಮ್ಮ ಮುಟ್ಟಲಿಲ್ಲ, ನಾನೇ ಕಟ್ಟಿದ್ದು. ಆಮೇಲೆ ಆ ಮುದುಕಿ ಅಡ್ಡ ನಿಂತಾಗ ಬಾಯಿಗೆ ಬಂದದ್ದು ಹೇಳ್ಬಿಟ್ಟೆ." ಅವನು ಬಿಸಾಳ ಬೆನ್ನಿನ ಮೇಲೆ ಕೈಯಿಟ್ಟ. "ಆದ್ರೆ ಸಿಕ್ಕಳಲ್ಲ! ನಾನು ಹೇಳಿದ್ದು ನಿಜವೇ ಆಯ್ತಲ್ಲ! ಯಾರಿಗೂ ಏನೂ ಮೋಸ ಆಗ್ಲಿಲ್ಲ. ಹೋಗು, ಹಗ್ಗ ಕೊಟ್ಟು ಬಾ. ಮೂವತ್ತು ವರ್ಷದ್ದು ಇವತ್ತು ಮುಗಿಯತ್ತೆ. ಬಾಯಿ ಬಿಡ್ಬೇಡ ಅಷ್ಟೇ. ನಿನ್ನ ಕಾಲಿಗೆ ಬೀಳ್ತೀನಿ."

ತಾರ್ಚೀಸಿಯೊ ಹಗ್ಗ ಸರಿಮಾಡಿಕೊಂಡು ನಡೆದ.

ಒತ್ತಾವಿಯಾಳ ಮನೆ ಸೇತುವೆಯ ಊರ ಕಡೆಯ ತುದಿಗೆ ಅಂಟಿಕೊಂಡೇ ಇತ್ತು. ಅವಳು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು, ಹಬ್ಬದ ಕಪ್ಪು ಲಂಗ ಉಟ್ಟು. ಪಕ್ಕದಲ್ಲಿ ಒಂದು ತಟ್ಟೆ, ಅದರ ಮೇಲೆ ವೈನಿನ ಬಾಟಲಿ, ಎರಡು ಲೋಟ. ದನ ಮನೆಗೆ ತಂದುಕೊಟ್ಟವನಿಗೆ ಹೊಸ್ತಿಲಲ್ಲೇ ಕುಡಿಯಲು ಕೊಡುವುದು ಎಲ್ಲ ಮನೆಗಳಲ್ಲೂ ಉಂಟು. ಅವನ ಮನೆತನದವರಿಗೆ ಈ ಹೊಸ್ತಿಲಲ್ಲಿ ಅದು ಸಿಕ್ಕಿ ಮೂವತ್ತು ವರ್ಷ.

ಅವಳು ಎದ್ದು ಬಿಸಾಳ ಹಣೆಗೆ ಹಣೆ ಒತ್ತಿದಳು. ಹೊಟ್ಟೆ ಮುಟ್ಟಿ ನೋಡಿದಳು. ಬಗ್ಗಿ ಕಾಲು ನೋಡಿದಳು.

"ಎಲ್ಲಿ ಸಿಕ್ಕಳೋ?"

"ಕರಡಿ ಕೊರಕಲಲ್ಲಿ, ಅಕ್ಕ. ಕರು ಆಡ್ತಿದೆ. ಗಾಯ ಮೇಲಿಂದು, ಮೂಳೆಗೇನೂ ಆಗಿಲ್ಲ."

"ಆ ಕೊರಕಲಿನಿಂದ ಎತ್ತಿ ತಂದ್ಯಾ, ಒಬ್ಬನೇ?" ಅವಳ ಕಣ್ಣು ಅವನ ತೋಳಿನ ಕಡೆ ಹೋಯಿತು. ಹಗ್ಗ ಕೊಯ್ದ ಗೆರೆಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಕೂತ್ಕೋ. ಕುಡಿ ಮೊದಲು." ಅವಳು ಬಾಟಲಿಯ ಬಿರಡೆ ತೆಗೆದಳು. ಸುರಿಯುತ್ತ, ಸುಮ್ಮನೆ ಮಾತಿಗೆ ಎಂಬಂತೆ, ಕೇಳಿದಳು: "ಎಷ್ಟೊತ್ತಿಗೆ ಸಿಕ್ಕಳು?"

ಸೇತುವೆಯ ಆಚೆ ತುದಿಯಲ್ಲಿ ಲೋರಿಸ್ ನಿಂತಿದ್ದ. ಮೊದಲ ಬಸ್ಸು ಹಾರ್ನ್ ಹೊಡೆದು ಹೊರಟಿತು. ಕಿಟಕಿಗಳಿಂದ ಕೈಗಳು ಬೀಸಿದವು. ತಾರ್ಚೀಸಿಯೊ ಲೋಟಕ್ಕೆ ಕೈಚಾಚಿರಲಿಲ್ಲ. ಬೆಳಿಗ್ಗೆಯೇ, ಎಂದರೆ ಸಾಕಿತ್ತು. ಅವಳು ಅದನ್ನೇ ನಂಬಿದ್ದಳು. ನಂಬಿ ಇಷ್ಟು ಹೊತ್ತೂ ಹಬ್ಬದ ಲಂಗ ಬದಲಿಸದೆ ಕೂತಿದ್ದಳು.

"ಮಧ್ಯಾಹ್ನದ ಗಂಟೆ ಹೊಡೀವಾಗ ನಾನಿನ್ನೂ ಕೊರಕಲು ಇಳೀತಿದ್ದೆ," ಎಂದ. "ಆಮೇಲೆ ಸಿಕ್ಕಳು."

ವೈನು ಸುರಿಯುವುದು ನಿಂತಿತು.

"ಗಂಟೆ ಹೊಡೆಯೋದ್ರೊಳಗೆ ಹಿಂಡು ದಾಟಿತ್ತು," ಎಂದಳು ಒತ್ತಾವಿಯಾ.

"ಹೌದು."

"ಹಂಗಾದ್ರೆ ಲೋರಿಸ್ ಹೇಳಿದ್ದು?"

"ಅವನಿಗೆ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ. ಅವಳು ಸತ್ತಿದ್ದಾಳೋ ಬದುಕಿದ್ದಾಳೋ ಯಾರಿಗೂ ಗೊತ್ತಿರ್ಲಿಲ್ಲ. ಹೂ ಕಟ್ಟಬೇಡ ಅಂದಿದ್ದೆ. ಆದ್ರೂ ಹಿಂಡು ನಂದು."

ಅವಳು ಬಾಟಲಿಯನ್ನು ತಟ್ಟೆಯ ಮೇಲಿಟ್ಟಳು. ಇಡುವಾಗ ಲೋಟಕ್ಕೆ ತಾಗಿ ಸದ್ದಾಯಿತು. "ನಾನೇ ಹೋಗಿ ಹೂ ಇಟ್ಟೆ ಕಣೋ," ಎಂದಳು. ದನಿ ಏರಲಿಲ್ಲ. "ಅಷ್ಟು ಜನರ ಮುಂದೆ. ನಿನ್ನ ಹಸುವಿನ ತಲೆಗೆ. ನಮ್ಮಪ್ಪ ನಿಂತಿದ್ದ ಜಾಗದಲ್ಲೇ ನಿಂತ್ಕೊಂಡು."

ಅವಳು ಒಳಗೆ ಹೋದಳು. ಬಾಗಿಲು ಹಾಕುತ್ತಾಳೆ ಎಂದುಕೊಂಡ. ಅವಳು ಬೇಸಿನ್ನಿನಲ್ಲಿ ಬೆಚ್ಚಗಿನ ನೀರು, ಒಂದು ಬಟ್ಟೆಚೂರು ಹಿಡಿದು ಹೊರಗೆ ಬಂದಳು.

"ಕಾಲು ಹಿಡಿ. ಒದ್ದರೆ ನಿನಗೇ ಬೀಳ್ಲಿ."

ಅವನು ಕೂತು ಬಿಸಾಳ ಕಾಲನ್ನು ತನ್ನ ತೊಡೆಯ ಮೇಲೆ ಹಿಡಿದ. ಅವಳು ತೊಳೆದಳು. ಕಪ್ಪು ರಕ್ತ ನೀರಿನಲ್ಲಿ ಕೆಂಪಾಗಿ ಹರಡಿತು. ಬಟ್ಟೆ ಹಿಂಡಿ ನೀರನ್ನು ರಸ್ತೆಗೆ ಚೆಲ್ಲಿ ಅವಳು ಕಡಸಿನ ಹಗ್ಗ ತೆಗೆದುಕೊಂಡಳು.

"ನಿಮ್ಮಪ್ಪ ಈ ಬಾಗಿಲಿಗೇ ಬರ್ಲಿಲ್ಲ," ಎಂದಳು.

"ಗೊತ್ತು."

"ನೀನು ಬಂದೆ. ಬಾಯಿ ಬಿಟ್ಟು ಹೇಳಿದೆ. ಅಷ್ಟಕ್ಕೆ ತೀರಿತು ಅಂದ್ಕೋಬೇಡ." ಅವಳು ಬಿಸಾಳನ್ನು ಕೊಟ್ಟಿಗೆಯ ಕಡೆ ತಿರುಗಿಸಿದಳು. ಅರ್ಧ ತುಂಬಿದ ಲೋಟ ತಟ್ಟೆಯ ಮೇಲೆ ಹಾಗೇ ಇತ್ತು. ಅದನ್ನು ಅವಳು ಕೊಡಲಿಲ್ಲ, ಚೆಲ್ಲಲೂ ಇಲ್ಲ. "ಅವ್ನು ಮೈಕಿನಲ್ಲಿ ಹೇಳಿದ್ದನ್ನ ಇಲ್ಲಿ ಬಂದು ಮೈಕಿಲ್ಲದೆ ಹೇಳ್ಲಿ. ಕರ್ಕೊಂಡು ಬಾ. ಆಮೇಲೆ ನೋಡೋಣ."

ತಾರ್ಚೀಸಿಯೊ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಸೇತುವೆಯ ಆಚೆ ತುದಿಯಲ್ಲಿ ಲೋರಿಸ್ ಇನ್ನೂ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಮಾವನ ಮುಖ ನೋಡಿ, ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟ.

"ನಿಲ್ಲೋ ಅಲ್ಲೇ," ಎಂದು ತಾರ್ಚೀಸಿಯೊ ಕೂಗಿ, ಸೇತುವೆಯ ಮೇಲೆ ನಡೆಯತೊಡಗಿದ.